ಕೇಳುವ ದೀಪ, ಕೇಳುವ ಯಂತ್ರ: ಮನೆಯೊಳಗಿನ ಆಲಿಸುವ ಉಪಕರಣಗಳು ಮತ್ತು ಕಲೆ

ಮನೆಯಲ್ಲಿಟ್ಟ ಉಪಕರಣ ಮನೆಯವರ ಮಾತಿಗೆ ಸದಾ ಕಿವಿ ತೆರೆದುಕೊಂಡೇ ಇದ್ದರೆ ಅದರಿಂದ ಹುಟ್ಟುವ ಸರಿ ತಪ್ಪಿನ ಪ್ರಶ್ನೆಗಳನ್ನು ಕೈಗೆತ್ತಿಕೊಂಡ ಕಲೆ ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಒಂದು ಪ್ರತ್ಯೇಕ ಧಾರೆಯಾಗಿ ಬೆಳೆದಿದೆ. ಪ್ರತಿಷ್ಠಾಪನೆ, ಪ್ರದರ್ಶನ ಕಲೆ, ನಕ್ಷೆ, ನಾಟಕ, ಹೀಗೆ ಹಲವು ರೂಪಗಳಲ್ಲಿ ಅದು ಕಾಣಿಸಿಕೊಂಡಿದೆ. ಯಂತ್ರ ಹೊಸದು, ಪ್ರಶ್ನೆ ಹೊಸದಲ್ಲ. ಗೋಡೆಗೂ ಕಿವಿ ಇರುತ್ತದೆ ಎಂಬ ಮಾತು ಕನ್ನಡದಲ್ಲಿ ಬಹಳ ಹಿಂದಿನಿಂದ ಇದೆ. ಮನೆಯ ದೀಪ ಮನೆಯ ಗುಟ್ಟನ್ನು ಊರಿನ ಗುಡಿಗೆ ಹೊತ್ತೊಯ್ಯುವ ಕಥೆಯೂ ಕನ್ನಡದ್ದೇ. ಈ ಕಲೆಯನ್ನು ಕನ್ನಡದಲ್ಲಿ ಚರ್ಚಿಸುವಾಗ ಭಾಷೆಯೇ ಒಂದು ಸಹಾಯ ಮಾಡುತ್ತದೆ. ಕನ್ನಡದ 'ಕೇಳು' ಎಂಬ ಕ್ರಿಯಾಪದಕ್ಕೆ ಆಲಿಸು ಎಂಬ ಅರ್ಥವೂ ಇದೆ, ಪ್ರಶ್ನಿಸು ಅಥವಾ ಅನುಮತಿ ಬೇಡು ಎಂಬ ಅರ್ಥವೂ ಇದೆ. ಯಂತ್ರ ಕೇಳುತ್ತದೆ, ಆದರೆ ಯಾರನ್ನೂ ಕೇಳುವುದಿಲ್ಲ. ಈ ಎರಡು ಅರ್ಥಗಳ ನಡುವೆ ಬಿದ್ದಿರುವ ಅಂತರವೇ ಇಲ್ಲಿ ಹೇಳುವ ಕೃತಿಗಳ ವಸ್ತು.

ಮೊದಲು ಉಪಕರಣದ ಬಗ್ಗೆ. ಅಮೆಜಾನ್ ಕಂಪನಿಯ 'ಎಕೋ' ಸ್ಪೀಕರು 2014ರ ನವೆಂಬರಿನಲ್ಲಿ ಅಮೆರಿಕದಲ್ಲಿ, 2017ರಲ್ಲಿ ಭಾರತದಲ್ಲಿ ಮಾರಾಟಕ್ಕೆ ಬಂತು. ಗೂಗಲ್ ಹೋಮ್ 2016ರಲ್ಲಿ ಹೊರಬಂದು 2018ರಲ್ಲಿ ಭಾರತ ತಲುಪಿತು. ಮೊದಲ ಎಕೋದ ನೆತ್ತಿಯಲ್ಲಿ ಏಳು ಮೈಕುಗಳಿದ್ದವು: ಸುತ್ತ ಆರು, ನಡುವೆ ಒಂದು. ಯಾವ ಮೂಲೆಯಿಂದ ದನಿ ಬಂತೆಂದು ತಿಳಿಯಲು ಈ ಜೋಡಣೆ. ಉಪಕರಣದೊಳಗಿನ ಪುಟ್ಟ ಚಿಪ್ಪು ಎಡೆಬಿಡದೆ ಶಬ್ದವನ್ನು ತಡಕುತ್ತಾ 'ಅಲೆಕ್ಸಾ' ಎಂಬಂಥ ಎಬ್ಬಿಸುವ ಪದಕ್ಕಾಗಿ ಕಾಯುತ್ತಿರುತ್ತದೆ. ಕೆಲವೇ ಕ್ಷಣಗಳ ಶಬ್ದ ಅದರ ನೆನಪಿನಲ್ಲಿ ತುಂಬುತ್ತಾ ಅಳಿಯುತ್ತಾ ಇರುತ್ತದೆ. ಆ ಪದ ಕಿವಿಗೆ ಬಿದ್ದೊಡನೆ ಮೇಲಿನ ಬಳೆಯಂಥ ದೀಪ ನೀಲಿಯಾಗಿ ಹೊತ್ತಿಕೊಳ್ಳುತ್ತದೆ. ಅಲ್ಲಿಂದ ಮುಂದಿನ ಮಾತು ಅಂತರ್ಜಾಲದ ಮೂಲಕ ದೂರದ ಸರ್ವರಿಗೆ ಹೋಗಿ, ಅಲ್ಲಿ ಅಕ್ಷರವಾಗಿ, ಅರ್ಥವಾಗಿ, ಉತ್ತರವಾಗಿ ಮರಳುತ್ತದೆ.

ಕರೆಯದೆಯೂ ಅದು ಎದ್ದು ಕೂರುವುದುಂಟು. ಟಿವಿಯಲ್ಲಿ ಬಂದ ಯಾವುದೋ ಶಬ್ದ, ಪಕ್ಕದ ಕೋಣೆಯಲ್ಲಿ ಕೂಗಿದ ಯಾರದೋ ಹೆಸರು ಸಾಕು. 2018ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಗಂಡ ಹೆಂಡತಿ ಮನೆಯ ನೆಲಹಾಸಿನ ಬಗ್ಗೆ ಆಡಿಕೊಂಡ ಮಾತನ್ನು ಎಕೋ ಧ್ವನಿಮುದ್ರಿಸಿ, ಸಿಯಾಟಲಿನಲ್ಲಿದ್ದ ಅವರ ಪರಿಚಿತರೊಬ್ಬರಿಗೆ ತಾನೇ ಕಳಿಸಿಬಿಟ್ಟಿತ್ತು. ಯಂತ್ರದ ಹಿಂದೆ ಮನುಷ್ಯರ ಕಿವಿಗಳೂ ಇವೆಯೆಂಬುದು 2019ರಲ್ಲಿ ಬಯಲಾಯಿತು. ತಿಳಿವಳಿಕೆ ಸುಧಾರಿಸಲೆಂದು ಧ್ವನಿತುಣುಕುಗಳನ್ನು ಕೇಳಿ ಬರೆದುಕೊಳ್ಳುವ ನೌಕರರ ತಂಡಗಳು ಹಲವು ದೇಶಗಳಲ್ಲಿ ಕೆಲಸ ಮಾಡುತ್ತಿದ್ದವು, ಭಾರತವೂ ಆ ಪಟ್ಟಿಯಲ್ಲಿತ್ತು. ಅಮೆಜಾನ್, ಗೂಗಲ್, ಆಪಲ್ ಮೂರೂ ಕಂಪನಿಗಳ ಬಗ್ಗೆ ಅದೇ ವರ್ಷ ಇಂಥ ವರದಿಗಳು ಬಂದವು.

ಇನ್ನು ಕನ್ನಡದ ಕಥೆ. ಎ. ಕೆ. ರಾಮಾನುಜನ್ (1929–1993) ಇಂಗ್ಲಿಷಿಗೆ ತಂದ ಜನಪದ ಕಥೆಗಳಲ್ಲಿ ಈ ಕನ್ನಡ ಕಥೆಯೂ ಒಂದು. ಒಬ್ಬ ಗೃಹಿಣಿಗೆ ಒಂದು ಕಥೆ ಗೊತ್ತಿತ್ತು, ಒಂದು ಹಾಡು ಗೊತ್ತಿತ್ತು. ಕಥೆಯನ್ನು ಯಾರಿಗೂ ಹೇಳಲಿಲ್ಲ, ಹಾಡನ್ನು ಯಾರೆದುರೂ ಹಾಡಲಿಲ್ಲ. ಒಳಗೆ ಸಿಕ್ಕಿಕೊಂಡ ಅವೆರಡಕ್ಕೂ ಉಸಿರುಗಟ್ಟಿತು. ಒಂದು ದಿನ ಅವಳು ಬಾಯಿ ತೆರೆದು ನಿದ್ದೆ ಹೋಗಿದ್ದಾಗ ಕಥೆ ಹೊರಬಿದ್ದು ಬಾಗಿಲಾಚೆ ಒಂದು ಜೊತೆ ಜೋಡಾಯಿತು. ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ನೇತುಬಿದ್ದಿತು. ಗಂಡ ಬಂದವನು ಯಾರು ಬಂದಿದ್ದಾರೆ ಎಂದು ಕೇಳಿದ. ಯಾರೂ ಇಲ್ಲ ಅಂದಳು. ಅನುಮಾನ ಹುಟ್ಟಿತು, ಜಗಳವಾಯಿತು. ಗಂಡ ಕಂಬಳಿ ಎತ್ತಿಕೊಂಡು ಹನುಮಂತನ ಗುಡಿಗೆ ಹೋಗಿ ಮಲಗಿದ.

ಆ ಊರಿನ ದೀಪಗಳಿಗೆ ಒಂದು ರೂಢಿ ಇತ್ತು. ಮನೆಮನೆಯಲ್ಲಿ ಆರಿಸಿದ ಮೇಲೆ ಜ್ವಾಲೆಗಳೆಲ್ಲ ಹನುಮಂತನ ಗುಡಿಯಲ್ಲಿ ಸೇರಿ ರಾತ್ರಿಯೆಲ್ಲ ಹರಟುತ್ತಿದ್ದವು. ಅಂದು ಒಂದು ಜ್ವಾಲೆ ತಡವಾಗಿ ಬಂತು. ಯಾಕೆ ತಡ ಎಂದು ಉಳಿದವು ವಿಚಾರಿಸಿದಾಗ, ನಮ್ಮ ಮನೆಯಲ್ಲಿ ಜಗಳ, ದೀಪ ಆರಿಸುವುದೇ ಹೊತ್ತಾಯಿತು ಎಂದು ಜೋಡು ಮತ್ತು ಕೋಟಿನ ಗುಟ್ಟನ್ನೆಲ್ಲ ಬಿಚ್ಚಿಟ್ಟಿತು. ನಿದ್ದೆ ಬಾರದೆ ಬಿದ್ದುಕೊಂಡಿದ್ದ ಗಂಡನ ಕಿವಿಗೆ ಅಷ್ಟೂ ಬಿತ್ತು. ಅನುಮಾನ ಕರಗಿತು. ಬೆಳಗಾಗುವಾಗ ಮನೆಗೆ ಬಂದು ನಿನ್ನ ಕಥೆ ಯಾವುದು, ಹಾಡು ಯಾವುದು ಎಂದು ಕೇಳಿದ. ಅವಳಿಗೆ ಎರಡೂ ಮರೆತುಹೋಗಿದ್ದವು.

ಈ ಕಥೆಯನ್ನು ಸಾಮಾನ್ಯವಾಗಿ ಕಥೆಗಳ ಬಗೆಗಿನ ಕಥೆ ಎಂದು ಓದಲಾಗಿದೆ. ಹೇಳದೆ ಬಚ್ಚಿಟ್ಟ ಕಥೆ ಸೇಡು ತೀರಿಸಿಕೊಳ್ಳುತ್ತದೆ, ಆದ್ದರಿಂದ ಕಥೆ ಹರಿಯುತ್ತಿರಬೇಕು ಎಂಬುದು ಆ ಓದು. ಅದು ಸರಿಯೇ. ಆದರೆ ಮನೆಯ ಉಪಕರಣಗಳ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ಓದಿದರೆ ಕಥೆಯ ಬೇರೆಯೇ ಎಳೆಗಳು ಮೇಲೆ ಬರುತ್ತವೆ. ಕೇಳಿಸಿಕೊಂಡದ್ದು ಕಳ್ಳನಲ್ಲ, ನೆರೆಯವಳೂ ಅಲ್ಲ. ಮನೆಯವರೇ ಎಣ್ಣೆ ಹಾಕಿ, ಬತ್ತಿ ಹೊಸೆದು, ಕೈಮುಗಿದು ಹಚ್ಚಿದ ದೀಪ. ದೀಪದ ಎದುರು ಯಾರೂ ದನಿ ತಗ್ಗಿಸುವುದಿಲ್ಲ. ಇನ್ನೊಂದು ಎಳೆ ಇದಕ್ಕಿಂತ ಸೂಕ್ಷ್ಮವಾದದ್ದು. ಜ್ವಾಲೆ ಬಾಯಿ ಬಿಡುವುದು ಆರಿದ ಮೇಲೆ. ದೀಪ 'ಆರಿಸು' ಎನ್ನಬಾರದು, 'ಶಾಂತ ಮಾಡು' ಎನ್ನಬೇಕು ಎಂದು ಹಿರಿಯರು ತಿದ್ದುವ ಮನೆಗಳು ಕನ್ನಡನಾಡಿನಲ್ಲಿ ಈಗಲೂ ಇವೆ. ಕಥೆಯಲ್ಲಿ ಶಾಂತವಾಯಿತು ಎಂದುಕೊಂಡ ದೀಪ ಶಾಂತವಾಗಿರುವುದಿಲ್ಲ, ಎದ್ದು ಗುಡಿಗೆ ನಡೆದಿರುತ್ತದೆ. ನೀಲಿ ಬೆಳಕು ಆರಿತು, ಇನ್ನು ಅದು ಕೇಳುತ್ತಿಲ್ಲ ಎಂದು ನಂಬುವ ಇಂದಿನ ಮನೆಯವರ ಸ್ಥಿತಿಯೂ ಅದೇ.

ಮೂರನೆಯದು, ಮತ್ತು ಹೆಚ್ಚು ನೋವಿನದು, ಹೆಂಡತಿಯ ಪಾಡು. ಗುಟ್ಟು ಹೊರಬಿದ್ದದ್ದರಿಂದ ಅವಳಿಗೆ ಒಳ್ಳೆಯದೇ ಆಯಿತು, ಕಳಂಕ ಕಳೆಯಿತು. ಆದರೆ ಅವಳ ಮಾತನ್ನು ನಂಬದ ಗಂಡ ದೀಪದ ಮಾತನ್ನು ನಂಬಿದ. ಅವಳೇ ಅರಿಯದೆ ಹೊರಬಿದ್ದದ್ದು ಊರಿನ ದೀಪಗಳಿಗೆಲ್ಲ ಗೊತ್ತು, ಗಂಡನಿಗೆ ಗೊತ್ತು, ಗೊತ್ತಿಲ್ಲದಿರುವುದು ಅವಳಿಗೆ ಮಾತ್ರ. ಮನೆಯೊಳಗಿನ ದಾಖಲೆ ಎಂಬುದು ಯಾರ ಕಡೆಯ ಸಾಕ್ಷಿ, ಅದು ಯಾರ ಕೈಗೆ ಸೇರುತ್ತದೆ ಎಂಬ ಪ್ರಶ್ನೆಯನ್ನು ಈ ಪುಟ್ಟ ಕಥೆಯಷ್ಟು ನೇರವಾಗಿ ಇಟ್ಟ ಆಧುನಿಕ ಕಲಾಕೃತಿಗಳು ಕಡಿಮೆ.

ಕಥೆ ಯಾವ ಊರಿನ ಗುಡಿ ಎಂದು ಹೆಸರಿಸುವುದಿಲ್ಲ. ಹನುಮಂತನ ಗುಡಿಯಿಲ್ಲದ ಊರು ಹಳೇ ಮೈಸೂರು ಸೀಮೆಯಲ್ಲಿ ಹುಡುಕಿದರೂ ಸಿಗುವುದು ಕಷ್ಟ, ಹಾಗಾಗಿ ಹೆಸರಿನ ಅಗತ್ಯವೂ ಇರಲಿಲ್ಲ. ಮಂಡ್ಯ ಸೀಮೆಯವರ ಮನಸ್ಸಿಗೆ ಥಟ್ಟನೆ ಬರುವುದು ಮಳವಳ್ಳಿ ತಾಲ್ಲೂಕಿನ ಮುತ್ತತ್ತಿ. ಕಾವೇರಿ ವನ್ಯಜೀವಿಧಾಮದ ಕಾಡಿನ ನಡುವೆ, ಹೊಳೆಯ ದಡದಲ್ಲಿರುವ ಈ ಊರಿನ ದೇವರು ಮುತ್ತತ್ತಿರಾಯ ಎಂದು ಕರೆಸಿಕೊಳ್ಳುವ ಆಂಜನೇಯ. ಸೀತೆಯ ಮೂಗುತಿಯ ಮುತ್ತು ಇಲ್ಲಿನ ನೀರಿನಲ್ಲಿ ಜಾರಿಬಿತ್ತು, ಹನುಮಂತ ಬಾಲದಿಂದ ಹೊಳೆಯನ್ನು ಕದಡಿ ಅದನ್ನು ಎತ್ತಿಕೊಟ್ಟ, ಆದ್ದರಿಂದ ಊರಿಗೆ ಈ ಹೆಸರು ಎನ್ನುತ್ತದೆ ಸ್ಥಳಪುರಾಣ. ದೀಪದ ಕಥೆಯ ಪಕ್ಕದಲ್ಲಿ ಇದನ್ನಿಟ್ಟು ನೋಡುವುದಕ್ಕೆ ಅರ್ಥವಿದೆ. ಎರಡರಲ್ಲೂ ಹೆಣ್ಣಿಗೆ ಸೇರಿದ ವಸ್ತುವೊಂದು ಅವಳ ಅರಿವಿಲ್ಲದೆ ಜಾರುತ್ತದೆ, ಎರಡರಲ್ಲೂ ಹನುಮಂತನ ಸನ್ನಿಧಿ ಇದೆ. ಮುತ್ತತ್ತಿಯಲ್ಲಿ ಜಾರಿದ್ದು ಒಡತಿಯ ಕೈಗೆ ಮರಳಿತು. ದೀಪದ ಕಥೆಯಲ್ಲಿ ಮರಳಲಿಲ್ಲ. ಆಲಿಸುವ ಯಂತ್ರಗಳ ಕುರಿತ ಇಂದಿನ ವಾದವಿವಾದದ ಬಹುಪಾಲು ಸುತ್ತುವುದು ಇದನ್ನೇ: ಜಾರಿದ ಮಾತು ಆಡಿದವರ ಕೈಗೆ ಮರಳುವ ದಾರಿ ಇದೆಯೇ?

ದೇವರೂ ಎಲ್ಲವನ್ನೂ ಕೇಳಿಸಿಕೊಳ್ಳುವವನೇ ಅಲ್ಲವೇ ಎಂಬ ಮಾತು ಬರಬಹುದು. ಗುಡಿಯ ಕೇಳುವಿಕೆಗೆ ಬೇರೆ ಕಟ್ಟಳೆ ಇದೆ. ಹಳೇ ಮೈಸೂರಿನ ಎಷ್ಟೋ ಗುಡಿಗಳಲ್ಲಿ 'ಹೂ ಕೇಳುವ' ಪದ್ಧತಿ ಇದೆ. ಮದುವೆಯೋ, ಕೊಳವೆಬಾವಿಯೋ, ಕಾಯಿಲೆಯೋ, ಮನಸ್ಸಿನಲ್ಲಿರುವುದನ್ನು ದೇವರೆದುರು ಅರಿಕೆ ಮಾಡಿಕೊಂಡು ನಿಂತರೆ ಮೂರ್ತಿಯ ಮೇಲಿಟ್ಟ ಹೂ ಬಲಕ್ಕೆ ಬಿದ್ದಾಗ ಅಪ್ಪಣೆಯಾಯಿತು ಎಂದರ್ಥ. ಭಕ್ತ ತಾನಾಗಿ ಬಂದು, ತಾನು ಹೇಳಬೇಕೆಂದಷ್ಟನ್ನೇ ಹೇಳಿ, ಹಿಂದಿರುಗುತ್ತಾನೆ. ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತ ಸ್ಪೀಕರಿಗೆ ಇಂಥ ಹೊಸ್ತಿಲಿಲ್ಲ.

ಕೇಳುವ ಕಟ್ಟಡಕ್ಕೂ ಕರ್ನಾಟಕದಲ್ಲಿ ದೊಡ್ಡ ಉದಾಹರಣೆಯಿದೆ. ವಿಜಯಪುರದಲ್ಲಿ ಮುಹಮ್ಮದ್ ಆದಿಲ್ ಶಾಹನ ಗೋರಿಯ ಮೇಲೆ 17ನೆಯ ಶತಮಾನದಲ್ಲಿ ಎದ್ದ ಗೋಳಗುಮ್ಮಟದ ಒಳಮಾಳಿಗೆಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಬದಿಯಲ್ಲಿ ನಿಂತವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಬಾಗಿದ ಗೋಡೆ ದನಿಯನ್ನು ಚೆದುರಗೊಡದೆ ತನ್ನ ಮೈಗುಂಟ ಸಾಗಿಸುವುದೇ ಇದಕ್ಕೆ ಕಾರಣ. ಅಲ್ಲಿ ಎಲ್ಲರೂ ತಿಳಿದೇ ಪಿಸುಗುಡುತ್ತಾರೆ, ಮಕ್ಕಳು ಕೂಗಿ ನಗುತ್ತಾರೆ. ಗೋಡೆ ಏನನ್ನೂ ಉಳಿಸಿಕೊಳ್ಳುವುದಿಲ್ಲ. ಮನೆಗೆ ಬಂದ ಹಳೆಯ ಮಾತಿನ ಯಂತ್ರಗಳಲ್ಲೊಂದಾದ ರೇಡಿಯೊ ಕೂಡ ಏನನ್ನೂ ಒಯ್ಯುತ್ತಿರಲಿಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ. ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು, ಅದಕ್ಕೆ ಆಕಾಶವಾಣಿ ಎಂಬ ಹೆಸರಾಯಿತು. ಆ ಪೆಟ್ಟಿಗೆ ಹೇಳುತ್ತಿತ್ತು, ಮನೆಯವರು ಕೇಳುತ್ತಿದ್ದರು.

ದಿಕ್ಕು ತಿರುಗಿದ್ದು ದೂರವಾಣಿಯಿಂದ. ದೂರವಾಣಿ ಕದ್ದಾಲಿಕೆಯ ಆರೋಪದ ಹಿನ್ನೆಲೆಯಲ್ಲಿ 1988ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. 'ಕದ್ದಾಲಿಕೆ' ಎಂಬ ಮಾತು ಕನ್ನಡ ಪತ್ರಿಕೆಗಳ ತಲೆಬರಹಗಳಲ್ಲಿ ನೆಲೆಯೂರಿದ್ದೂ ಇಂಥ ಪ್ರಕರಣಗಳಿಂದಲೇ. ಮಾತನ್ನು ಕದಿಯಬಹುದು, ಆದ್ದರಿಂದ ಮಾತಿಗೆ ಒಡೆಯರಿದ್ದಾರೆ ಎಂಬ ತಿಳಿವು ಆ ಪದದಲ್ಲೇ ಅಡಗಿದೆ.

ಕನ್ನಡ ರಂಗಭೂಮಿ ದೀಪದ ಕಥೆಯನ್ನು ಎತ್ತಿಕೊಂಡದ್ದೂ ಅದೇ ಸುಮಾರಿಗೆ. ಗಿರೀಶ ಕಾರ್ನಾಡರ 'ನಾಗಮಂಡಲ' ಆರಂಭವಾಗುವುದು ಪಾಳುಗುಡಿಯೊಂದರಲ್ಲಿ ಜ್ವಾಲೆಗಳು ಸೇರುವುದರಿಂದ. ಅದೇ ಗುಡಿಯಲ್ಲಿ ಒಬ್ಬ ನಾಟಕಕಾರ ಕುಳಿತಿದ್ದಾನೆ. ಒಂದು ರಾತ್ರಿಯಾದರೂ ಪೂರ್ತಿ ಎಚ್ಚರವಾಗಿರದಿದ್ದರೆ ಅವನಿಗೆ ಸಾವು. ಜ್ವಾಲೆಗಳು ಹೆಣ್ಣುದನಿಯಲ್ಲಿ ತಮ್ಮ ತಮ್ಮ ಮನೆಗಳ ವಿಷಯ ಆಡಿಕೊಳ್ಳುತ್ತವೆ, ಅವನು ಕಂಬದ ಮರೆಯಿಂದ ಕೇಳಿಸಿಕೊಳ್ಳುತ್ತಾನೆ. ಇಲ್ಲಿ ಕಥೆ ಜೋಡಾಗುವುದಿಲ್ಲ, ಯುವತಿಯಾಗುತ್ತದೆ. ಹಾಡು ಸೀರೆಯಾಗುತ್ತದೆ. ಆ ಯುವತಿಯೇ ಒಳಗೆ ಬಂದು, ಕೇಳಿದವನು ಮುಂದಕ್ಕೆ ಹೇಳಲೇಬೇಕು ಎಂಬ ಷರತ್ತಿನ ಮೇಲೆ ರಾಣಿ ಎಂಬವಳ ಕಥೆ ಹೇಳುತ್ತಾಳೆ. ಕಾರ್ನಾಡರು ಸೇರಿಸಿದ ಈ ಷರತ್ತು ಮಹತ್ವದ್ದು. ಕದ್ದು ಕೇಳಿದವನು ಸುಮ್ಮನೆ ಎದ್ದು ಹೋಗುವಂತಿಲ್ಲ, ಕೇಳಿದ್ದರ ಹೊಣೆ ಅವನ ಹೆಗಲಿಗೇರುತ್ತದೆ. ನಾಟಕ 1988ರಲ್ಲಿ ಶಿಕಾಗೋದಲ್ಲಿ ಇಂಗ್ಲಿಷಿನಲ್ಲಿ ರಂಗಕ್ಕೆ ಬಂತು. ರಾಮಾನುಜನ್ ಅಧ್ಯಾಪಕರಾಗಿದ್ದ ಊರೂ ಅದೇ. ಕಾರ್ನಾಡರು ಕೃತಿಯನ್ನು ಅರ್ಪಿಸಿದ್ದೂ ಅವರಿಗೇ.

ಕಾರ್ನಾಡರ 'ಒಡಕಲು ಬಿಂಬ' ಇನ್ನೂ ಹತ್ತಿರದ ಕೃತಿ. ಬೆಂಗಳೂರಿನ ರಂಗಶಂಕರದಲ್ಲಿ 2005ರಲ್ಲಿ ಅರುಂಧತಿ ನಾಗ್ ಅಭಿನಯದಲ್ಲಿ, ಕಾರ್ನಾಡ ಮತ್ತು ಕೆ. ಎಂ. ಚೈತನ್ಯರ ನಿರ್ದೇಶನದಲ್ಲಿ ಇದು ರಂಗಕ್ಕೇರಿತು. ಮಂಜುಳಾ ನಾಯಕ್ ಕನ್ನಡದ ಲೇಖಕಿ, ಇಂಗ್ಲಿಷಿನಲ್ಲಿ ಬರೆದ ಒಂದೇ ಕಾದಂಬರಿಯಿಂದ ಜಗತ್ಪ್ರಸಿದ್ಧಳಾಗಿದ್ದಾಳೆ. ಟಿವಿ ಸ್ಟುಡಿಯೋದಲ್ಲಿ ಭಾಷಣ ಮುಗಿಸಿ ಏಳುವಾಗ ಪರದೆಯ ಮೇಲಿನ ಅವಳದೇ ಬಿಂಬ ಅವಳನ್ನು ತಡೆದು ಮಾತಿಗೆಳೆಯುತ್ತದೆ. ಬಿಂಬ ಬೆದರಿಸುವುದಿಲ್ಲ. ಸಾವಧಾನವಾಗಿ ಕೇಳುತ್ತಾ ಹೋಗುತ್ತದೆ, ಮನಸ್ಸಿನಲ್ಲಿರುವುದನ್ನು ಹೇಳಿಬಿಡಲು ಜಾಗ ಕೊಡುತ್ತದೆ. ಕಾಲುಗಳಲ್ಲಿ ಶಕ್ತಿಯಿಲ್ಲದ ತಂಗಿ ಮಾಲಿನಿ ಬರೆದ ಕಾದಂಬರಿಯನ್ನು ತನ್ನದೆಂದು ಪ್ರಕಟಿಸಿದ ಗುಟ್ಟು ಹಾಗೇ ಹೊರಬೀಳುತ್ತದೆ. ಸ್ಮಾರ್ಟ್ ಸ್ಪೀಕರು ಹುಟ್ಟುವುದಕ್ಕೆ ಒಂಬತ್ತು ವರ್ಷ ಮೊದಲೇ ಬಂದ ಈ ನಾಟಕ ಒಂದು ಮಾತನ್ನು ಮುಂದಾಗಿ ಕಂಡಿತ್ತು. ಮನುಷ್ಯರು ಯಂತ್ರಕ್ಕೆ ಗುಟ್ಟು ಬಿಟ್ಟುಕೊಡುವುದು ಭಯದಿಂದಲ್ಲ, ಅದು ಇನ್ಯಾರೂ ಕೊಡದಷ್ಟು ತಾಳ್ಮೆಯಿಂದ ಕಿವಿಗೊಡುವುದರಿಂದ.

ಹೊರಗಿನ ಜಗತ್ತಿನ ಕಲಾವಿದರ ಪೈಕಿ ಕನ್ನಡದ ಕಥೆಗೆ ಎಲ್ಲರಿಗಿಂತ ಸಮೀಪ ಬಂದವರು ಕೈಲ್ ಮೆಕ್‌ಡೊನಾಲ್ಡ್ ಮತ್ತು ಬ್ರಯಾನ್ ಹೌಸ್. ಅವರ 'ಕಾನ್ವರ್‌ಸ್ನಿಚ್' 2014ರಲ್ಲಿ ಸುದ್ದಿಯಾಯಿತು. ನೋಡಲು ಅದೊಂದು ದೀಪ, ಬಲ್ಬಿನ ಹೋಲ್ಡರಿಗೆ ತಿರುಗಿಸಿದರೆ ಕುಳಿತುಕೊಳ್ಳುತ್ತದೆ. ಒಳಗೆ ಒಂದು ಮೈಕು, ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರು. ಕೆಳಗೆ ಕುಳಿತವರು ಆಡಿದ ಮಾತಿನ ತುಣುಕುಗಳನ್ನು ಅದು ಅಂತರ್ಜಾಲಕ್ಕೆ ಕಳಿಸುತ್ತಿತ್ತು. ಅಮೆಜಾನಿನ 'ಮೆಕ್ಯಾನಿಕಲ್ ಟರ್ಕ್' ಜಾಲದಲ್ಲಿ ಪುಡಿಗಾಸಿಗೆ ದುಡಿಯುವ ಯಾರೋ ಅದನ್ನು ಕೇಳಿ ಬರೆಯುತ್ತಿದ್ದರು, ಬರೆದದ್ದು ಟ್ವಿಟರಿನಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತಿತ್ತು. ದೀಪ, ಗುಡಿ, ಹರಟೆ, ಮೂರೂ ಇಲ್ಲಿವೆ. ಎಕೋ ಮಾರುಕಟ್ಟೆಗೆ ಬರುವ ಮುನ್ನವೇ, ಮತ್ತು ಮನುಷ್ಯರ ಕಿವಿಗಳ ಸುದ್ದಿ ಬಯಲಾಗುವುದಕ್ಕೆ ಐದು ವರ್ಷ ಮೊದಲೇ, ಈ ಕೃತಿ ಇಡೀ ವ್ಯವಸ್ಥೆಯ ಒಳಗನ್ನು ಬಿಚ್ಚಿ ತೋರಿಸಿತ್ತು. ಆದರೆ ಅದು ತೋರಿಸಿದ್ದು ಅರಿಯದ ಜನರ ಮಾತನ್ನು ನಿಜವಾಗಿಯೂ ಬೀದಿಗೆ ತಂದು. ತಪ್ಪನ್ನು ತೋರಿಸಲು ಅದೇ ತಪ್ಪನ್ನು ಮಾಡಬಹುದೇ? ಎಚ್ಚರಿಕೆಯ ಉದ್ದೇಶ ಒಳ್ಳೆಯದೆಂದು ಒಪ್ಪಿದರೂ, ಆ ದೀಪದ ಕೆಳಗೆ ಕುಳಿತು ಕಷ್ಟ ಹೇಳಿಕೊಂಡವರಿಗೆ ಅದರಿಂದ ಸಮಾಧಾನವಿಲ್ಲ. ಈ ಕೃತಿಯ ದೊಡ್ಡ ದೋಷ ಇದೇ.

ಲಾರೆನ್ ಲೀ ಮೆಕಾರ್ಥಿ ಆ ದೋಷದಿಂದ ಪಾರಾದ ಕಲಾವಿದೆ. 2017ರ 'ಲಾರೆನ್' ಎಂಬ ಕೃತಿಯಲ್ಲಿ ಆಕೆ ತಾನೇ ಅಲೆಕ್ಸಾ ಆದಳು. ಒಪ್ಪಿದವರ ಮನೆಯಲ್ಲಿ ಕ್ಯಾಮೆರಾ, ಮೈಕು, ದೂರದಿಂದ ನಡೆಸಬಹುದಾದ ಬೀಗ ಮತ್ತು ಸ್ವಿಚ್ಚುಗಳನ್ನು ಜೋಡಿಸಿ, ಹಲವು ದಿನ ಹಗಲಿರುಳು ಅವರನ್ನು ನೋಡುತ್ತಾ, ಬೇಕಾದಾಗ ದೀಪ ಹಾಕುತ್ತಾ, ಸಲಹೆ ಹೇಳುತ್ತಾ ಕುಳಿತಳು. ಯಂತ್ರಕ್ಕಿಂತ ಚೆನ್ನಾಗಿ ಅವರನ್ನು ಅರಿತುಕೊಳ್ಳುವುದು ಆಕೆಯ ಗುರಿ. ಯಂತ್ರ ಕೇಳಿದರೆ ಸರಿ, ಒಬ್ಬ ಹೆಂಗಸು ಕೇಳಿದರೆ ಮುಜುಗರ ಏಕೆ ಎಂಬ ಪ್ರಶ್ನೆ ಆ ಮನೆಗಳಲ್ಲಿ ತಾನಾಗಿ ಎದ್ದಿತು. ಮುಂದೆ 2019ರ 'ಸಮ್‌ವನ್' ಕೃತಿಯಲ್ಲಿ ನ್ಯೂಯಾರ್ಕಿನ ಗ್ಯಾಲರಿಗೆ ಬಂದವರು ಲ್ಯಾಪ್‌ಟಾಪ್ ಮುಂದೆ ಕುಳಿತು ಅಮೆರಿಕದ ಬೇರೆ ಬೇರೆ ಕಡೆಯ ನಾಲ್ಕು ಮನೆಗಳಿಗೆ ಅಲೆಕ್ಸಾ ಆಗಬಹುದಿತ್ತು. ಮನೆಯವರು 'ಸಮ್‌ವನ್' ಎಂದು ಕೂಗಿದರೆ ನೋಡುಗ ಓಗೊಡಬೇಕು. 2020ರಲ್ಲಿ ಇದಕ್ಕೆ ಆಸ್ಟ್ರಿಯಾದ ಆರ್ಸ್ ಎಲೆಕ್ಟ್ರಾನಿಕಾದ ಗೋಲ್ಡನ್ ನಿಕಾ ಪ್ರಶಸ್ತಿ ಬಂತು. ಮನೆಯವರನ್ನು ಕೇಳಿ, ಒಪ್ಪಿಸಿ, ಆಮೇಲೆ ಕೇಳಿಸಿಕೊಂಡದ್ದರಿಂದ ಈ ಕೃತಿಗಳ ನೈತಿಕ ಬಲ ಹೆಚ್ಚು.

ಡೆನ್ಮಾರ್ಕಿನ ವಿನ್ಯಾಸಕರಾದ ಬ್ಯೋರ್ನ್ ಕಾರ್ಮನ್ ಮತ್ತು ಟೋರೆ ಕ್ನುಡ್ಸೆನ್ 2018ರಲ್ಲಿ ರೂಪಿಸಿದ 'ಪ್ರಾಜೆಕ್ಟ್ ಅಲಿಯಾಸ್' ತಡೆಯುವ ಉಪಾಯ. ಸ್ಪೀಕರಿನ ನೆತ್ತಿಯ ಮೇಲೆ ಅಣಬೆಯಂತೆ ಕೂರುವ ಟೊಪ್ಪಿಗೆ ಅದು. ಕೀಟದ ಮೈಯಲ್ಲಿ ಬೆಳೆದು ಅದನ್ನು ವಶಮಾಡಿಕೊಳ್ಳುವ ಶಿಲೀಂಧ್ರದಿಂದ ಕಲ್ಪನೆ ಪಡೆದದ್ದು. ಒಳಗಿನ ಪುಟ್ಟ ಧ್ವನಿಪೆಟ್ಟಿಗೆಗಳು ಯಂತ್ರದ ಮೈಕುಗಳಿಗೆ ಸದಾ ಗುಜುಗುಜು ಸದ್ದು ಊದುತ್ತವೆ. ಮನೆಯವರು ತಾವೇ ಇಟ್ಟುಕೊಂಡ ಹೆಸರಿನಿಂದ ಕರೆದಾಗ ಮಾತ್ರ ಸದ್ದು ನಿಂತು, ಅಲಿಯಾಸು ನಿಜವಾದ ಎಬ್ಬಿಸುವ ಪದವನ್ನು ಒಳಗೆ ಪಿಸುಗುಡುತ್ತದೆ. ಇದರ ವಿನ್ಯಾಸವನ್ನು ಯಾರು ಬೇಕಾದರೂ ಮಾಡಿಕೊಳ್ಳಲಿ ಎಂದು ಬಿಟ್ಟುಕೊಟ್ಟಿದ್ದಾರೆ.

ಕೇಟ್ ಕ್ರಾಫರ್ಡ್ ಮತ್ತು ವ್ಲಾದಾನ್ ಯೋಲರ್ 2018ರಲ್ಲಿ ಪ್ರಕಟಿಸಿದ 'ಅನಾಟಮಿ ಆಫ್ ಆ್ಯನ್ ಎಐ ಸಿಸ್ಟಮ್' ಎಂಬ ಬೃಹತ್ ನಕ್ಷೆ ಒಂದೇ ಒಂದು ಎಕೋ ಸ್ಪೀಕರಿನ ಹಿಂದಿರುವುದನ್ನೆಲ್ಲ ಒಂದು ಹಾಳೆಯ ಮೇಲೆ ತರುತ್ತದೆ. ಗಣಿಯಿಂದ ಬರುವ ಲಿಥಿಯಂ, ಕಾರ್ಖಾನೆ, ಹಡಗು, ಸರ್ವರು, ಮಾತಿಗೆ ಗುರುತುಪಟ್ಟಿ ಅಂಟಿಸುವ ಕೂಲಿ, ಕೊನೆಗೆ ಕಸದ ರಾಶಿ. ಖಾಸಗಿತನ ಒಂದೇ ಇಲ್ಲಿನ ಪ್ರಶ್ನೆಯಲ್ಲ, ಭೂಮಿ ಮತ್ತು ದುಡಿಮೆಯೂ ಪ್ರಶ್ನೆಗಳೇ ಎಂದು ಈ ಕೃತಿ ನೆನಪಿಸಿತು. ಅದೇ ವರ್ಷ ಮೆಲ್ಬರ್ನಿನಲ್ಲಿ ಕದ್ದಾಲಿಕೆಯನ್ನೇ ವಿಷಯವಾಗಿಟ್ಟುಕೊಂಡ ದೊಡ್ಡ ಪ್ರದರ್ಶನ ನಡೆಯಿತು. ಶಾನ್ ಡಾಕ್ರೆಯವರ 'ಆಲ್ವೇಸ್ ಲರ್ನಿಂಗ್' ಕೂಡ 2018ರದ್ದೇ. ಅದರಲ್ಲಿ ಮೂರು ಕಂಪನಿಗಳ ಸ್ಪೀಕರುಗಳು ತಮ್ಮ ಕೇಳುವಿಕೆಯ ಬಗ್ಗೆ ತಾವೇ ಮಾತಾಡಿಕೊಳ್ಳುತ್ತವೆ. ಗುಡಿಯಲ್ಲಿ ಸೇರಿದ ಜ್ವಾಲೆಗಳು ಇಲ್ಲಿ ಬೇರೆ ವೇಷ ತೊಟ್ಟಂತಿದೆ.

ಭಾರತದ ಕಲಾವಿದರಲ್ಲಿ ಮುಂಬಯಿಯ ಶಿಲ್ಪಾ ಗುಪ್ತಾ ಮೈಕನ್ನೇ ತಿರುಗುಮುರುಗು ಮಾಡಿದವರು. 2018ರಲ್ಲಿ ಕೊಚ್ಚಿಯಲ್ಲೂ ಮರುವರ್ಷ ವೆನಿಸ್ಸಿನಲ್ಲೂ ತೋರಿಸಿದ ಪ್ರತಿಷ್ಠಾಪನೆಯಲ್ಲಿ ಕತ್ತಲ ಕೋಣೆಯ ಮೇಲಿನಿಂದ ನೂರು ಮೈಕುಗಳು ಇಳಿಬಿದ್ದಿವೆ. ಅವು ಕೇಳುವುದಿಲ್ಲ, ನುಡಿಯುತ್ತವೆ. ಬರೆದದ್ದಕ್ಕಾಗಿ ಸೆರೆಮನೆ ಸೇರಿದ ನೂರು ಕವಿಗಳ ಸಾಲುಗಳು ಅವುಗಳ ಬಾಯಿಂದ ಹೊರಡುತ್ತವೆ. ಕೆಳಗೆ ಪ್ರತಿ ಮೈಕಿನ ನೇರಕ್ಕೆ ಸಲಾಕೆಯ ತುದಿಯಲ್ಲಿ ಚುಚ್ಚಿದ ಒಂದೊಂದು ಹಾಳೆ. ಮನೆಯ ಉಪಕರಣದ ಕುರಿತ ಕೃತಿ ಇದಲ್ಲ, ಆದರೆ ಮಾತನ್ನು ಹಿಡಿಯುವ ಯಂತ್ರ ಯಾರ ಪರವಾಗಿ ನಿಲ್ಲಬೇಕು ಎಂಬ ಪ್ರಶ್ನೆ ಅದರ ಕೆಳಗೆ ನಡೆದಾಡಿದವರಿಗೆ ತಪ್ಪುವುದಿಲ್ಲ.

ಆಲಿಸುವ, ನೋಡುವ ಯಂತ್ರಗಳು ಮನೆಯಿಂದಾಚೆಗೂ ಹಬ್ಬಿವೆ. ಮುತ್ತತ್ತಿಯ ಕಾಡು 1987ರಲ್ಲಿ ವನ್ಯಜೀವಿಧಾಮವಾಯಿತು, ಈಗ ಅದರ ವಿಸ್ತಾರ ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು. ಇಲ್ಲಿ ವನ್ಯಜೀವಿ ಸಂಶೋಧಕ ಸಂಜಯ್ ಗುಬ್ಬಿ ಮತ್ತು ಸಂಗಡಿಗರು ಇಟ್ಟ ಕ್ಯಾಮೆರಾ ಬಲೆಗಳು ಚಿರತೆಗಳ ಲೆಕ್ಕ ಕೊಟ್ಟವು, ತರಕರಡಿಯ ಇರವನ್ನು ದಾಖಲಿಸಿದವು. ಕಾಡಿಗೆ ಅವುಗಳಿಂದಾದ ಉಪಕಾರ ದೊಡ್ಡದು. ಉತ್ತರಾಖಂಡದ ಕಾರ್ಬೆಟ್‌ನಲ್ಲಿ ಇಂಥ ಯಂತ್ರಗಳ ಇನ್ನೊಂದು ಮುಖ ಕಂಡಿತು. ಅಲ್ಲಿ ನಡೆದು 2024ರಲ್ಲಿ ಪ್ರಕಟವಾದ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧನೆಯ ಪ್ರಕಾರ, ಸೌದೆ ಸೊಪ್ಪಿಗೆ ಹೋಗುವ ಹೆಂಗಸರು ಕಾಡುಪ್ರಾಣಿಗಳು ದೂರ ಸರಿಯಲೆಂದು ಗಟ್ಟಿಯಾಗಿ ಹಾಡುತ್ತಿದ್ದರು. ಕ್ಯಾಮೆರಾ ಇದೆಯೆಂದು ತಿಳಿದ ಮೇಲೆ ದನಿ ತಗ್ಗಿಸಿದರು, ಹಾಡು ನಿಂತಿತು. ಗೃಹಿಣಿ ನುಂಗಿಕೊಂಡ ಹಾಡಿನ ಕಥೆಯನ್ನು ಬಲ್ಲವರಿಗೆ ಇದು ಸುಮ್ಮನೆ ಓದಿ ಬಿಡುವ ಸಂಗತಿಯಲ್ಲ.

ಕನ್ನಡವನ್ನು ಯಂತ್ರಗಳಿಗೆ ಕಲಿಸುವ ಕೆಲಸ ಈಗ ಭರದಿಂದ ಸಾಗಿದೆ. ಕೇಂದ್ರ ಸರ್ಕಾರದ 'ಭಾಷಿಣಿ' ಯೋಜನೆ 2022ರಲ್ಲಿ ಆರಂಭವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ನೆರವಿನ 'ವಾಣಿ' ಯೋಜನೆಯಲ್ಲಿ ದೇಶದ ಜಿಲ್ಲೆಜಿಲ್ಲೆಯ ಆಡುಮಾತನ್ನು ಕೂಡಿಹಾಕುತ್ತಿದೆ. ಕನ್ನಡಕ್ಕೆ ಇದು ಬೇಕು. ಮಳವಳ್ಳಿ ಸೀಮೆಯ ಅಜ್ಜಿಯ ಮಾತು ಯಂತ್ರಕ್ಕೆ ತಿಳಿಯದಿದ್ದರೆ ಪಿಂಚಣಿ, ಪಹಣಿ, ಆಸ್ಪತ್ರೆಯ ಚೀಟಿ ಎಲ್ಲಕ್ಕೂ ಅವಳು ಇನ್ನೊಬ್ಬರ ಬಾಯಿಯನ್ನೇ ಕಾಯಬೇಕು. ಕೇಳುವುದು ತಪ್ಪಲ್ಲ, ಕೇಳದೆ ಕೇಳುವುದು ತಪ್ಪು. ಬೆಂಗಳೂರಿನ 'ಕಾರ್ಯ' ಸಂಸ್ಥೆ ಇದಕ್ಕೊಂದು ದಾರಿ ತೋರಿಸಿದೆ. ಮೈಕ್ರೋಸಾಫ್ಟಿನ ಸಂಶೋಧನಾ ಯೋಜನೆಯಾಗಿ ಹುಟ್ಟಿ 2021ರಲ್ಲಿ ಸ್ವತಂತ್ರವಾದ ಈ ಲಾಭರಹಿತ ಸಂಸ್ಥೆಗೆ ಕರ್ನಾಟಕದ ಹಳ್ಳಿಗಳ ಜನ ಮೊಬೈಲಿನಲ್ಲಿ ಕನ್ನಡ ವಾಕ್ಯಗಳನ್ನು ಓದಿ ಕೊಟ್ಟಿದ್ದಾರೆ. ಗಂಟೆಗೆ ಸುಮಾರು 5 ಡಾಲರಿನಷ್ಟು ಕೂಲಿ, ಅದೇ ದನಿ ಮತ್ತೆ ಮಾರಾಟವಾದರೆ ಮತ್ತೆ ಪಾಲು. ಆಡಿದವರ ದನಿ ಆಡಿದವರದು ಎಂಬುದು ಅಲ್ಲಿನ ಲೆಕ್ಕ.

ದನಿಯೂ ಆಸ್ತಿ ಎಂಬುದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮುತ್ತತ್ತಿರಾಯನ ಹೆಸರಿನಲ್ಲಿ ಮುತ್ತುರಾಜ ಎಂದು ಕರೆಸಿಕೊಂಡ ಮಗುವೇ ಮುಂದೆ ರಾಜ್‌ಕುಮಾರ್ ಆದದ್ದು. 'ಜೀವನ ಚೈತ್ರ' ಚಿತ್ರದ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಆ ಕಂಠವನ್ನು ನಾಡು ಇಂದಿಗೂ ಒಂದೇ ಸಾಲಿನಲ್ಲಿ ಗುರುತಿಸುತ್ತದೆ. ಯಂತ್ರ ಯಾರ ದನಿಯನ್ನಾದರೂ ನಕಲು ಮಾಡಬಲ್ಲ ಕಾಲದಲ್ಲಿ, 2024ರಲ್ಲಿ, ಬಾಂಬೆ ಹೈಕೋರ್ಟು ಗಾಯಕ ಅರಿಜಿತ್ ಸಿಂಗ್ ಅವರ ದನಿಗೆ ರಕ್ಷಣೆ ಕೊಟ್ಟಿತು. ಹೆಸರಿಲ್ಲದ ಗೃಹಿಣಿಯ ದನಿಗೆ ಅಷ್ಟೇ ಬೆಲೆ ಸಿಗಬೇಕೆನ್ನುವುದು ಈ ಲೇಖನದಲ್ಲಿ ಹೇಳಿದ ಕಲೆಯ ಒಟ್ಟು ಬೇಡಿಕೆ.

ಕಾನೂನಿನ ಕಡೆಯಿಂದ ನೋಡಿದರೆ, ದೂರವಾಣಿಯ ಮಾತು ಖಾಸಗಿತನಕ್ಕೆ ಸೇರಿದ್ದೆಂದು ಸುಪ್ರೀಂ ಕೋರ್ಟು 1996ರಲ್ಲಿ ಹೇಳಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪಿತ್ತಿತು. ಅದರ ಬೆನ್ನಿಗೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮಕ್ಕಳ ವಿಷಯದಲ್ಲಿ ತಂದೆತಾಯಿಯ ಒಪ್ಪಿಗೆ ಬೇಕು, ಕೊಟ್ಟ ಮಾಹಿತಿಯನ್ನು ಅಳಿಸಿ ಎಂದು ಕೇಳುವ ಹಕ್ಕಿದೆ ಎನ್ನುತ್ತದೆ ಕಾಯಿದೆ. ಕೇಳಿದರೂ ಅಳಿಸದಿರುವುದು ಸಾಧ್ಯ ಎಂಬುದಕ್ಕೆ ಅಮೆರಿಕದ ಪ್ರಕರಣವೊಂದಿದೆ. ಪೋಷಕರು ಅಳಿಸಿ ಎಂದ ಮೇಲೂ ಮಕ್ಕಳ ದನಿಯ ಮಾಹಿತಿಯನ್ನು ಉಳಿಸಿಕೊಂಡ ಆರೋಪದ ಮೇಲೆ ಅಮೆಜಾನ್ 2023ರಲ್ಲಿ 2.5 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. 2025ರ ಮಾರ್ಚಿನಲ್ಲಿ, ಧ್ವನಿಯನ್ನು ಸರ್ವರಿಗೆ ಕಳಿಸದಂತೆ ತಡೆಯುವ ಆಯ್ಕೆಯನ್ನೇ ಅದು ಎಕೋದಿಂದ ತೆಗೆದುಹಾಕಿತು.

ಭಾರತದ ಕಾಯಿದೆಯಲ್ಲಿ ಒಂದು ವಿನಾಯಿತಿ ಇದೆ. ವ್ಯಕ್ತಿಯೊಬ್ಬರು ತಮ್ಮ ವೈಯಕ್ತಿಕ ಅಥವಾ ಮನೆಬಳಕೆಯ ಉದ್ದೇಶಕ್ಕೆ ಮಾಹಿತಿ ಬಳಸಿದರೆ ಅದು ಅನ್ವಯಿಸುವುದಿಲ್ಲ. ಹಾಗಾಗಿ ಮನೆಗೆ ಬಂದ ನೆಂಟರನ್ನು, ಪಾತ್ರೆ ತೊಳೆಯಲು ಬರುವ ಹೆಂಗಸನ್ನು, ಮಗು ನೋಡಿಕೊಳ್ಳುವ ಆಯಾಳನ್ನು, ಇಲ್ಲಿ ಕೇಳುವ ಯಂತ್ರವಿದೆ, ಆಗಬಹುದೇ ಎಂದು ಕೇಳಬೇಕಾದವರು ಆ ಮನೆಯವರೇ.